ಕಾವಲುಗಾರನೂ ಹೊಸ ಬಾಡಿಗೆದಾರರೂ: ಸ್ಟೀರಾಯ್ಡ್ ಹಾರ್ಮೋನು, ರೋಗನಿರೋಧಕ ವ್ಯವಸ್ಥೆ ಮತ್ತು ಪುರುಷರ ಸಂತಾನಶಕ್ತಿ

ಸ್ಟೀರಾಯ್ಡ್ ಎಂಬ ಮಾತಿನಿಂದಲೇ ಆರಂಭಿಸುತ್ತೇನೆ, ಏಕೆಂದರೆ ಇವತ್ತಿನ ವಿಷಯದ ಅರ್ಧ ಗೊಂದಲ ಆ ಒಂದು ಮಾತಿನೊಳಗೇ ಇದೆ. ಕೆಲವು ವರ್ಷಗಳ ಹಿಂದೆ ಒಂದೇ ವಾರದಲ್ಲಿ ಇಬ್ಬರು ನನ್ನಲ್ಲಿಗೆ ಬಂದಿದ್ದರು. ಒಬ್ಬರು ಇಲ್ಲೇ ಮುಂಬಯಿಯ ಮಾಟುಂಗಾದ ಆಸುಪಾಸಿನಲ್ಲಿ ನಲವತ್ತು ವರ್ಷ ಹೋಟೆಲು ನಡೆಸಿದ, ಉಡುಪಿ ಕಡೆಯ ಹಿರಿಯರು. ಉಬ್ಬಸಕ್ಕೆಂದು ಬರೆದುಕೊಟ್ಟಿದ್ದ ಇನ್‌ಹೇಲರನ್ನು ಅವರು ಪೆಟ್ಟಿಗೆಯಿಂದ ಹೊರಗೇ ತೆಗೆದಿರಲಿಲ್ಲ. "ಅದರಲ್ಲಿ ಸ್ಟೀರಾಯ್ಡ್ ಉಂಟಂತೆ ಡಾಕ್ಟ್ರೇ, ನಮಗೆ ಅದು ಬೇಡ" ಎಂದರು. ಇನ್ನೊಬ್ಬ ಮುಂಬಯಿ ಪಕ್ಕದ ಠಾಣೆ ಊರಿನ ಇಪ್ಪತ್ತೆಂಟು ವರ್ಷದ ತರುಣ. ಮದುವೆಯಾಗಿ ಎರಡು ವರ್ಷವಾಗಿತ್ತು. ಜಿಮ್ಮಿನಲ್ಲಿ ಯಾರೋ ಹೇಳಿದರೆಂದು ಒಂದು ವರ್ಷಕ್ಕೂ ಹೆಚ್ಚು ಕಾಲ ವಾರಕ್ಕೊಂದರಂತೆ ಇಂಜೆಕ್ಷನ್ ಹಾಕಿಸಿಕೊಂಡಿದ್ದ. ತೋಳುಗಳು ಕಂಬದ ಹಾಗಿದ್ದವು, ವೀರ್ಯ ಪರೀಕ್ಷೆಯ ವರದಿಯಲ್ಲಿ ವೀರ್ಯಾಣುಗಳ ಸಂಖ್ಯೆಯ ಎದುರಿಗೆ ಸೊನ್ನೆ ಇತ್ತು. ಬೇಡದ ಭಯದಿಂದ ಒಬ್ಬರು ಔಷಧವನ್ನು ದೂರವಿಟ್ಟಿದ್ದರು, ಬೇಡದ ಧೈರ್ಯದಿಂದ ಇನ್ನೊಬ್ಬ ಅದನ್ನು ಮೈಗೇರಿಸಿಕೊಂಡಿದ್ದ. ಇಬ್ಬರ ಬಾಯಲ್ಲೂ ಇದ್ದ ಹೆಸರು ಒಂದೇ.

ಸ್ಟೀರಾಯ್ಡ್ ಎನ್ನುವುದು ಒಂದು ಔಷಧದ ಹೆಸರಲ್ಲ, ಒಂದು ಕುಲದ ಹೆಸರು. ನಾವು ಹೃದಯಕ್ಕೆ ಶತ್ರುವೆಂದು ಬೈಯುವ ಕೊಲೆಸ್ಟೆರಾಲ್ ಆ ಕುಲದ ಮೂಲಪುರುಷ. ನಾಲ್ಕು ಉಂಗುರಗಳು ಒಂದಕ್ಕೊಂದು ಅಂಟಿಕೊಂಡ ಚೌಕಟ್ಟು ಅದರದು, ಒಟ್ಟು 27 ಇಂಗಾಲದ ಪರಮಾಣುಗಳು. ದೇಹ ಅದನ್ನು ಹಂತಹಂತವಾಗಿ ಕತ್ತರಿಸುತ್ತ ಹೋಗುತ್ತದೆ. 21 ಇಂಗಾಲಗಳು ಉಳಿಯುವ ದಾರಿಯಲ್ಲಿ ಮೂತ್ರಪಿಂಡದ ಮೇಲೆ ಕುಳಿತ ಅಡ್ರಿನಲ್ ಗ್ರಂಥಿ ಕಾರ್ಟಿಸೋಲನ್ನು ಮಾಡುತ್ತದೆ. 19 ಉಳಿಯುವ ದಾರಿಯಲ್ಲಿ ವೃಷಣವು ಟೆಸ್ಟೋಸ್ಟೆರೋನನ್ನು ಮಾಡುತ್ತದೆ. ಅದರಿಂದ ಇನ್ನೊಂದನ್ನು ತೆಗೆದರೆ 18 ಇಂಗಾಲಗಳ ಈಸ್ಟ್ರಡಯಾಲ್, ಅಂದರೆ ನಾವು ಹೆಂಗಸರ ಹಾರ್ಮೋನು ಎಂದು ಕರೆಯುವ ಈಸ್ಟ್ರೋಜನ್ ಸಿದ್ಧವಾಗುತ್ತದೆ. ಗಂಡಸರ ದೇಹದಲ್ಲೂ ಅದು ಆಗುತ್ತದೆ, ಆಗಲೇಬೇಕು. ಹೊಟ್ಟೆಯ ಕೊಬ್ಬು ಹೆಚ್ಚಿದಷ್ಟೂ ಅದರ ತಯಾರಿಯೂ ಹೆಚ್ಚುತ್ತದೆ. ಹೋಟೆಲಿನ ಹಿರಿಯರ ಇನ್‌ಹೇಲರಿನಲ್ಲಿದ್ದದ್ದು ಕಾರ್ಟಿಸೋಲಿನ ದಾಯಾದಿ. ತರುಣನ ಸಿರಿಂಜಿನಲ್ಲಿದ್ದದ್ದು ಟೆಸ್ಟೋಸ್ಟೆರೋನಿನ ದಾಯಾದಿ. ಹಿರಿಯರಿಗೆ ನಾನು ಲೆಕ್ಕ ಹೇಳಿದೆ: ನಿಮ್ಮ ದೇಹ ತಾನಾಗಿಯೇ ದಿನಕ್ಕೆ ಸುಮಾರು 10ರಿಂದ 20 ಮಿಲಿಗ್ರಾಂ ಕಾರ್ಟಿಸೋಲ್ ತಯಾರಿಸುತ್ತದೆ, ನೀವು ಎಳೆದುಕೊಳ್ಳಬೇಕಾದದ್ದು ಒಂದು ಮಿಲಿಗ್ರಾಮಿನ ಅರ್ಧಕ್ಕಿಂತ ಕಡಿಮೆ, ಅದೂ ಹೆಚ್ಚಿನದು ಶ್ವಾಸನಾಳದಲ್ಲೇ ಕೆಲಸ ಮಾಡುತ್ತದೆ. ಲೆಕ್ಕ ಹೋಟೆಲಿನವರಿಗೆ ಬೇಗ ತಲುಪುತ್ತದೆ. ತರುಣನ ಕಥೆಗೆ ಆಮೇಲೆ ಬರುತ್ತೇನೆ, ಅದಕ್ಕೆ ಮೊದಲು ವೃಷಣದ ಒಳಗೆ ಏನು ನಡೆಯುತ್ತದೆ ಎಂಬುದನ್ನು ನೋಡಬೇಕು.

ನಮ್ಮ ರೋಗನಿರೋಧಕ ವ್ಯವಸ್ಥೆಯ ಮೊದಲ ಕೆಲಸ ತನ್ನವರು ಯಾರು, ಹೊರಗಿನವರು ಯಾರು ಎಂದು ಗುರುತಿಸುವುದು. ನಿಮ್ಮ ಸೊಸೈಟಿಯ ಗೇಟಿನಲ್ಲಿ ಕುಳಿತ ವಾಚ್‌ಮನ್ ಮಾಡುವ ಕೆಲಸ ಅದೇ. ಆತ ಕಟ್ಟಡದ ನಿವಾಸಿಗಳ ಮುಖಗಳನ್ನು ಕಲಿಯುವುದು ಮೊದಲ ದಿನಗಳಲ್ಲಿ. ದೇಹದಲ್ಲಿ ಆ ಪಾಠ ನಡೆಯುವುದು ಎದೆಯ ಮೂಳೆಯ ಹಿಂದಿರುವ ಥೈಮಸ್ ಎಂಬ ಗ್ರಂಥಿಯಲ್ಲಿ, ಮುಖ್ಯವಾಗಿ ಮಗು ಗರ್ಭದಲ್ಲಿರುವಾಗ ಮತ್ತು ಹುಟ್ಟಿದ ಹೊಸತರಲ್ಲಿ. ದೇಹದ ಸ್ವಂತ ಪ್ರೋಟೀನುಗಳ ಮೇಲೆ ಕೈಮಾಡುವ ಲಿಂಫೋಸೈಟುಗಳೆಂಬ ಬಿಳಿ ರಕ್ತಕಣಗಳನ್ನು ಅಲ್ಲಿಯೇ ತೆಗೆದುಹಾಕಲಾಗುತ್ತದೆ. ಆದರೆ ವೀರ್ಯಾಣುಗಳು ಆ ಕಾಲಕ್ಕೆ ಹುಟ್ಟಿಯೇ ಇರುವುದಿಲ್ಲ. ಹನ್ನೆರಡು ಹದಿಮೂರು ವರ್ಷಗಳ ನಂತರ, ಹರೆಯ ಬಂದಾಗ, ಇದುವರೆಗೆ ಯಾರೂ ಕಂಡಿರದ ಪ್ರೋಟೀನುಗಳನ್ನು ಹೊತ್ತುಕೊಂಡು ಅವು ಮೊದಲ ಬಾರಿಗೆ ಕಾಣಿಸಿಕೊಳ್ಳುತ್ತವೆ. ವಾಚ್‌ಮನ್‌ನ ರಿಜಿಸ್ಟರಿನಲ್ಲಿ ಹೆಸರೇ ಇಲ್ಲದ ಬಾಡಿಗೆದಾರರು ರಾತ್ರೋರಾತ್ರಿ ಮೂರನೆಯ ಮಹಡಿಯಲ್ಲಿ ತುಂಬಿಕೊಂಡ ಹಾಗೆ ಇದು. ಅದೂ ಒಬ್ಬರಿಬ್ಬರಲ್ಲ, ಆರೋಗ್ಯವಂತ ಪುರುಷನಲ್ಲಿ ಒಂದೊಂದು ಹೃದಯಬಡಿತಕ್ಕೆ ಸಾವಿರದಷ್ಟು ಎಂದು ಅಂದಾಜು ಹೇಳುವುದುಂಟು.

ವೀರ್ಯಾಣುಗಳು ಪರಕೀಯವಾಗಿ ಕಾಣಬಲ್ಲವು ಎಂಬುದು ಹೊಸ ತಿಳಿವಳಿಕೆಯೇನೂ ಅಲ್ಲ. ಮುಂದೆ ರಕ್ತದ ಗುಂಪುಗಳನ್ನು ಕಂಡುಹಿಡಿದು ನೊಬೆಲ್ ಪಡೆದ ಕಾರ್ಲ್ ಲ್ಯಾಂಡ್‌ಸ್ಟೈನರ್, 1899ರಲ್ಲಿ ಒಂದು ಪ್ರಾಣಿಯ ವೀರ್ಯಾಣುಗಳನ್ನು ಇನ್ನೊಂದು ಜಾತಿಯ ಪ್ರಾಣಿಗೆ ಚುಚ್ಚಿದರೆ ಅವುಗಳ ವಿರುದ್ಧ ಪ್ರತಿರೋಧ ಹುಟ್ಟುತ್ತದೆ ಎಂದು ತೋರಿಸಿದರು. ಅದು ಅಷ್ಟೇನೂ ಆಶ್ಚರ್ಯವಲ್ಲ. ಮರುವರ್ಷ ಮೆಟಾಲ್ನಿಕಾಫ್ ಎಂಬ ವಿಜ್ಞಾನಿ, ಗಿನಿಯಿಲಿಯು ತನ್ನದೇ ಜಾತಿಯ ವೀರ್ಯಾಣುಗಳ ವಿರುದ್ಧವೂ ಹಾಗೆಯೇ ವರ್ತಿಸುತ್ತದೆ ಎಂದು ಕಂಡುಕೊಂಡರು. ಇದು ನಿಜವಾಗಿಯೂ ಆಶ್ಚರ್ಯದ ಸಂಗತಿಯಾಗಿತ್ತು. ಮಕ್ಕಳಾಗದ ಗಂಡಸರ ರಕ್ತದಲ್ಲಿ ವೀರ್ಯಾಣುಗಳಿಗೆ ಅಂಟಿಕೊಳ್ಳುವ ಪ್ರತಿಕಾಯಗಳೆಂಬ (ಆಂಟಿಬಾಡಿ) ಪ್ರೋಟೀನುಗಳಿವೆಯೆಂದು ರ್‍ಯುಮ್ಕೆ ಮತ್ತು ವಿಲ್ಸನ್ ಪ್ರತ್ಯೇಕವಾಗಿ ವರದಿ ಮಾಡಿದ್ದು 1954ರಲ್ಲಿ. ನಡುವೆ ಅರ್ಧ ಶತಮಾನ ಕಳೆದಿತ್ತು. ಮಕ್ಕಳಾಗದಿದ್ದರೆ ಹೆಂಡತಿಯನ್ನು ಮಾತ್ರ ಪರೀಕ್ಷೆಗೆ ಕರೆದೊಯ್ಯುವ ಪದ್ಧತಿ ನಮ್ಮ ಊರಿನದು ಮಾತ್ರ ಎಂದು ಯಾರಾದರೂ ತಿಳಿದಿದ್ದರೆ, ಈ ಐವತ್ತು ವರ್ಷಗಳ ಅಂತರವನ್ನು ನೆನಪಿಟ್ಟುಕೊಳ್ಳಬಹುದು.

ಹಾಗಾದರೆ ಎಲ್ಲ ಗಂಡಸರಲ್ಲೂ ಯುದ್ಧ ಏಕೆ ನಡೆಯುವುದಿಲ್ಲ? ಇದಕ್ಕೆ ಪುಸ್ತಕಗಳು ಕೊಡುವ ಮೊದಲ ಉತ್ತರ ಗೋಡೆ. 1865ರಲ್ಲಿ ಎನ್ರಿಕೋ ಸರ್ಟೋಲಿ ಎಂಬ ಇಪ್ಪತ್ತಮೂರರ ಇಟಾಲಿಯನ್ ತರುಣ, ವೀರ್ಯಾಣುಗಳು ಬೆಳೆಯುವ ನಳಿಕೆಗಳೊಳಗೆ ಮರದ ಹಾಗೆ ಕೊಂಬೆ ಚಾಚಿ ನಿಂತ ಕೋಶಗಳನ್ನು ವರ್ಣಿಸಿದ. ಸರ್ಟೋಲಿ ಕೋಶಗಳೆಂದೇ ಅವಕ್ಕೆ ಹೆಸರು. ಅಕ್ಕಪಕ್ಕದ ಸರ್ಟೋಲಿ ಕೋಶಗಳು ಒಂದನ್ನೊಂದು ಬಿಗಿಯಾಗಿ ಹೆಣೆದುಕೊಂಡು ರಕ್ತಕ್ಕೂ ಬೆಳೆಯುತ್ತಿರುವ ವೀರ್ಯಾಣುಗಳಿಗೂ ನಡುವೆ ಒಂದು ತಡೆಯನ್ನು ಕಟ್ಟುತ್ತವೆ. ಈ ಗೋಡೆಯ ವಿಶೇಷವೆಂದರೆ ಅದು ನಿಂತ ಗೋಡೆಯಲ್ಲ. ವೀರ್ಯಾಣುವಾಗಬೇಕಾದ ಕೋಶಗಳು ಗೋಡೆಯ ಹೊರಬದಿಯಲ್ಲಿ ಹುಟ್ಟಿ, ಅರ್ಧ ಬೆಳೆದ ಮೇಲೆ ಗೋಡೆಯನ್ನು ದಾಟಿ ಒಳಗೆ ಬರಬೇಕು. ಗೋಡೆಯನ್ನು ಒಡೆಯದೆ ದಾಟುವುದು ಹೇಗೆ? ಝವೇರಿ ಬಜಾರಿನ ದೊಡ್ಡ ಚಿನ್ನದಂಗಡಿಗಳಲ್ಲಿ ಎರಡು ಬಾಗಿಲುಗಳಿರುವುದನ್ನು ನೀವು ನೋಡಿರಬಹುದು. ಹಿಂದಿನ ಬಾಗಿಲು ಮುಚ್ಚಿಕೊಳ್ಳುವ ತನಕ ಮುಂದಿನದು ತೆರೆಯುವುದಿಲ್ಲ. ಇಲ್ಲಿಯೂ ಅದೇ ಉಪಾಯ. ದಾಟುವ ಕೋಶದ ಹಿಂಬದಿಗೆ ಹೊಸ ಹೆಣಿಗೆ ಸಿದ್ಧವಾದ ಮೇಲೆಯೇ ಅದರ ಮುಂದಿನ ಹಳೆಯ ಹೆಣಿಗೆ ಬಿಚ್ಚಿಕೊಳ್ಳುತ್ತದೆ.

ಈ ಬಾಗಿಲುಗಳ ಕೀಲಿಕೈ ಟೆಸ್ಟೋಸ್ಟೆರೋನಿನ ಹತ್ತಿರ ಇದೆ. ನಮ್ಮ ಉಪನ್ಯಾಸದ ಎರಡು ತುದಿಗಳು ಸೇರುವುದು ಇಲ್ಲಿ, ಹಾಗಾಗಿ ಸ್ವಲ್ಪ ನಿಧಾನವಾಗಿ ಹೇಳುತ್ತೇನೆ. ನಳಿಕೆಗಳ ನಡುವಿನ ಜಾಗದಲ್ಲಿರುವ ಲೈಡಿಗ್ ಕೋಶಗಳು ಟೆಸ್ಟೋಸ್ಟೆರೋನನ್ನು ತಯಾರಿಸಿ ಅಲ್ಲಿಯೇ ಸುರಿಯುವುದರಿಂದ, ವೃಷಣದ ಒಳಗೆ ಅದರ ಸಾಂದ್ರತೆ ರಕ್ತದಲ್ಲಿರುವುದಕ್ಕಿಂತ ಸುಮಾರು ನೂರು ಪಟ್ಟು ಇರುತ್ತದೆ. ಸರ್ಟೋಲಿ ಕೋಶಗಳಲ್ಲಿ ಈ ಹಾರ್ಮೋನನ್ನು ಹಿಡಿಯುವ ಗ್ರಾಹಕಗಳಿವೆ. ಉಳಿದೆಲ್ಲ ಅಂಗಗಳನ್ನು ಹಾಗೆಯೇ ಬಿಟ್ಟು, ಸರ್ಟೋಲಿ ಕೋಶಗಳಲ್ಲಿ ಮಾತ್ರ ಆ ಗ್ರಾಹಕವನ್ನು ತೆಗೆದ ಇಲಿಗಳನ್ನು ವಿಜ್ಞಾನಿಗಳು ಬೆಳೆಸಿದ್ದಾರೆ. ಅವುಗಳ ರಕ್ತದಲ್ಲಿ ಹಾರ್ಮೋನು ಇತ್ತು, ಮೈಕಟ್ಟು ಗಂಡಿಲಿಯದೇ ಆಗಿತ್ತು. ಆದರೆ ಕೋಶಗಳನ್ನು ಹೆಣೆಯುವ ಪ್ರೋಟೀನುಗಳಲ್ಲಿ ಮುಖ್ಯವಾದದ್ದೊಂದು ಕಡಿಮೆಯಾಗಿತ್ತು, ಗೋಡೆ ಸೋರುತ್ತಿತ್ತು, ವೀರ್ಯಾಣುಗಳ ಬೆಳವಣಿಗೆ ಅರ್ಧಕ್ಕೆ ನಿಂತಿತ್ತು, ವೃಷಣದ ಪ್ರೋಟೀನುಗಳ ವಿರುದ್ಧ ಪ್ರತಿಕಾಯಗಳೂ ಕಾಣಿಸಿಕೊಂಡಿದ್ದವು. ಗಂಡಸುತನದ ಹಾರ್ಮೋನೆಂದು ನಾವು ಸ್ನಾಯು, ಮೀಸೆಗಳಿಗೆ ಜೋಡಿಸುವ ಟೆಸ್ಟೋಸ್ಟೆರೋನ್, ತಾನು ಹುಟ್ಟಿದ ಮನೆಯೊಳಗೆ ಮಾಡುತ್ತಿರುವ ದೊಡ್ಡ ಕೆಲಸ ಜಗಳವಾಗದಂತೆ ನೋಡಿಕೊಳ್ಳುವುದು.

ಗೋಡೆಯೊಂದೇ ಸಾಕೆಂದು ಬಹುಕಾಲ ನಂಬಿದ್ದರು. ಸಾಲದು. ವೃಷಣದಿಂದ ಹೊರಬರುವ ಕಾಲುವೆಗಳ ಭಾಗದಲ್ಲಿ ಗೋಡೆ ಅಷ್ಟು ಗಟ್ಟಿಯಿಲ್ಲ, ಗೋಡೆಯ ಹೊರಬದಿಯಲ್ಲಿರುವ ಎಳೆಯ ಕೋಶಗಳ ಮೇಲೂ ಪರಕೀಯವೆನಿಸುವ ಪ್ರೋಟೀನುಗಳು ಕೆಲವಿವೆ. ವಾಚ್‌ಮನ್‌ಗೆ ಬಾಡಿಗೆದಾರರ ಮುಖ ಆಗಾಗ ಕಾಣುತ್ತಲೇ ಇರುತ್ತದೆ. ಆದರೂ ಅವನು ಕೂಗೆಬ್ಬಿಸುವುದಿಲ್ಲ, ಏಕೆಂದರೆ ಅಲ್ಲಿನ ಗಾಳಿಯೇ ಸಮಾಧಾನದ್ದು. ಟೆಸ್ಟೋಸ್ಟೆರೋನಿನ ಆ ನೂರು ಪಟ್ಟು ಸಾಂದ್ರತೆ, ಸರ್ಟೋಲಿ ಕೋಶಗಳು ಹೊರಹಾಕುವ ಶಾಮಕ ಪ್ರೋಟೀನುಗಳು, ಹೋರಾಟವನ್ನು ತಗ್ಗಿಸುವ ಒಂದು ಬಗೆಯ ಟಿ ಲಿಂಫೋಸೈಟುಗಳು, ಇವೆಲ್ಲ ಸೇರಿ ಆ ವಾತಾವರಣವನ್ನು ಉಂಟುಮಾಡುತ್ತವೆ. ಪ್ರಾಣಿಗಳಲ್ಲಿ ಬೇರೆ ಅಂಗಾಂಶಗಳನ್ನು ತಂದು ವೃಷಣದೊಳಗೆ ನಾಟಿ ಮಾಡಿದರೆ, ದೇಹದ ಬೇರೆ ಕಡೆ ತಿರಸ್ಕೃತವಾಗುವಂಥವು ಇಲ್ಲಿ ಹೆಚ್ಚು ದಿನ ಬದುಕುವುದನ್ನು ಕಂಡಿದ್ದಾರೆ.

ಇನ್ನೂ ಸ್ವಾರಸ್ಯದ ಸಂಗತಿ ಈ ಕಾವಲುಗಾರರದು. ವೃಷಣದಲ್ಲಿ ಲೈಡಿಗ್ ಕೋಶಗಳಿಗೆ ಮೈತಾಗಿಸಿಕೊಂಡೇ ಮ್ಯಾಕ್ರೊಫೇಜುಗಳು ಕೂತಿರುತ್ತವೆ. ಕ್ರಿಮಿಗಳನ್ನು ನುಂಗುವುದು ಇವುಗಳ ಕುಲಕಸುಬು. ಇಲ್ಲಿ ಮಾತ್ರ ಅವು ಟೆಸ್ಟೋಸ್ಟೆರೋನಿನ ತಯಾರಿಗೆ ಬೇಕಾದ, ಕೊಲೆಸ್ಟೆರಾಲಿನಿಂದ ಬದಲಾದ ಒಂದು ಕಚ್ಚಾವಸ್ತುವನ್ನು ಲೈಡಿಗ್ ಕೋಶಗಳಿಗೆ ಒದಗಿಸುತ್ತವೆ. ಹುಟ್ಟಿನಿಂದಲೇ ಮ್ಯಾಕ್ರೊಫೇಜುಗಳ ಕೊರತೆಯಿರುವ ಇಲಿಗಳ ಒಂದು ತಳಿಯಿದೆ. ಅವುಗಳಲ್ಲಿ ಟೆಸ್ಟೋಸ್ಟೆರೋನ್ ಬಹಳ ಕಡಿಮೆ, ವೀರ್ಯಾಣುಗಳೂ ಕಡಿಮೆ. ಅಂದರೆ ಹಾರ್ಮೋನು ಕಾವಲುಗಾರನನ್ನು ಸಮಾಧಾನದಲ್ಲಿಡುತ್ತದೆ, ಆ ಕಾವಲುಗಾರ ಹಾರ್ಮೋನಿನ ಅಡುಗೆಮನೆಗೆ ಸಾಮಾನು ತಂದುಕೊಡುತ್ತಾನೆ. ಇದರಲ್ಲಿ ಯಾರು ಯಾರನ್ನು ಆಳುತ್ತಾರೆ ಎಂದು ಕೇಳಿದರೆ ನನಗೆ ಉತ್ತರಿಸಲು ಕಷ್ಟ.

ಈ ಕೊಡುಕೊಳ್ಳುವಿಕೆ ಕಾಯಿಲೆ ಬಂದ ದಿನ ತಿರುಗುತ್ತದೆ. ಅದೇ ಮ್ಯಾಕ್ರೊಫೇಜು ಸೋಂಕಿನ ಸುಳಿವು ಸಿಕ್ಕೊಡನೆ ಉರಿಯೂತದ ಸಂಕೇತಗಳನ್ನು ಹೊರಬಿಡುತ್ತದೆ. ಆ ಸಂಕೇತಗಳು ಪಕ್ಕದ ಲೈಡಿಗ್ ಕೋಶಕ್ಕೆ ತಾಗಿದರೆ ಅದು ಹಾರ್ಮೋನು ತಯಾರಿಸುವ ಕಿಣ್ವಗಳನ್ನು ಕಡಿಮೆ ಮಾಡುತ್ತದೆ. ಮೇಲೆ ಮಿದುಳಿನಿಂದ ಬರುವ ಆಜ್ಞೆಯೂ ಕ್ಷೀಣಿಸುತ್ತದೆ. ತೀವ್ರವಾಗಿ ಕಾಯಿಲೆ ಬಿದ್ದ ಯಾವ ಗಂಡಸಿನ ರಕ್ತವನ್ನು ಪರೀಕ್ಷಿಸಿದರೂ ಟೆಸ್ಟೋಸ್ಟೆರೋನ್ ಇಳಿದಿರುತ್ತದೆ; ಕೋವಿಡ್ ಕಾಲದಲ್ಲಿ ಆಸ್ಪತ್ರೆ ಸೇರಿದ ಗಂಡಸರಲ್ಲಿಯೂ ಇದನ್ನೇ ಕಂಡರು. ಕೆಲವರು ಅದನ್ನು ಕೋವಿಡ್ಡಿನದೇ ವಿಶೇಷ ಶಾಪವೆಂಬಂತೆ ಪ್ರಚಾರ ಮಾಡಿದರು. ಕಷ್ಟಕಾಲದಲ್ಲಿ ಮನೆಯವರು ಮದುವೆ ಮುಂಜಿಗಳನ್ನು ಮುಂದಕ್ಕೆ ಹಾಕುವ ಹಾಗೆ ದೇಹವೂ ಸಂತಾನದ ಕೆಲಸವನ್ನು ಮುಂದಕ್ಕೆ ಹಾಕುತ್ತದೆ ಎಂದು ನಾನು ಅರ್ಥಮಾಡಿಕೊಳ್ಳುತ್ತೇನೆ.

ಅದೇ ಹೊತ್ತಿಗೆ ಅಡ್ರಿನಲ್ ಗ್ರಂಥಿಯಿಂದ ಕಾರ್ಟಿಸೋಲ್ ಏರುತ್ತದೆ. ಉರಿಯೂತಕ್ಕೆ ಲಗಾಮು ಹಾಕುವುದು ಅದರ ಕೆಲಸ. ಆ ಗುಣವನ್ನು ಔಷಧವಾಗಿ ತೋರಿಸಿದ್ದಕ್ಕೆ 1950ರಲ್ಲಿ ಕೆಂಡಾಲ್, ರೈಖ್‌ಸ್ಟೈನ್, ಹೆಂಚ್ ಎಂಬ ಮೂವರಿಗೆ ನೊಬೆಲ್ ಬಂತು. 2020ರ ಜೂನಿನಲ್ಲಿ, ವೆಂಟಿಲೇಟರಿನಲ್ಲಿದ್ದ ಕೋವಿಡ್ ರೋಗಿಗಳ ಸಾವುಗಳನ್ನು ದಿನಕ್ಕೆ 6 ಮಿಲಿಗ್ರಾಂನಷ್ಟು, ಕಾರ್ಟಿಸೋಲಿನ ದಾಯಾದಿಯಾದ ಡೆಕ್ಸಾಮೆಥಸೋನ್ ಸುಮಾರು ಮೂರನೇ ಒಂದರಷ್ಟು ತಗ್ಗಿಸುತ್ತದೆಂದು ಬ್ರಿಟನ್ನಿನ ದೊಡ್ಡ ಪ್ರಯೋಗವೊಂದು ತೋರಿಸಿತು. ಮರುವರ್ಷ ನಮ್ಮ ಮಹಾರಾಷ್ಟ್ರದಲ್ಲಿ ಅದೇ ಔಷಧವನ್ನು ಬೇಕಾಬಿಟ್ಟಿ ಬಳಸಿದ ಕಡೆಗಳಲ್ಲಿ, ಮುಖ್ಯವಾಗಿ ಸಕ್ಕರೆ ಕಾಯಿಲೆಯವರಲ್ಲಿ, ಕಪ್ಪು ಶಿಲೀಂಧ್ರ ಏನು ಮಾಡಿತೆಂಬುದು ನಿಮಗೆಲ್ಲ ನೆನಪಿದೆ. ಕಾರ್ಟಿಸೋಲ್ ಮಿತಿಮೀರಿದರೆ ವೃಷಣಕ್ಕೂ ಪೆಟ್ಟು. ಲೈಡಿಗ್ ಕೋಶದಲ್ಲಿ ಕಾರ್ಟಿಸೋಲನ್ನು ನಿಷ್ಕ್ರಿಯಗೊಳಿಸುವ ಒಂದು ಕಿಣ್ವವಿದೆ; ಸಾಧಾರಣ ದಿನಗಳ ಏರಿಳಿತವನ್ನು ಅದು ತಡೆದುಕೊಳ್ಳುತ್ತದೆ. ತಿಂಗಳುಗಟ್ಟಲೆ ಹೆಚ್ಚಿನ ಪ್ರಮಾಣದ ಮಾತ್ರೆ ನುಂಗುವವರಲ್ಲಿ ಆ ಕಿಣ್ವಕ್ಕೆ ಕೈಮೀರುತ್ತದೆ, ಟೆಸ್ಟೋಸ್ಟೆರೋನ್ ಇಳಿಯುತ್ತದೆ. ಇದನ್ನು ಕೇಳಿ ನಿಮ್ಮಲ್ಲಿ ಸಂಧಿವಾತಕ್ಕೋ ಮತ್ತೊಂದಕ್ಕೋ ಇಂಥ ಮಾತ್ರೆ ತೆಗೆದುಕೊಳ್ಳುತ್ತಿರುವವರು ನಾಳೆಯೇ ಅದನ್ನು ಬಿಟ್ಟುಬಿಡಬಾರದು. ಹೊರಗಿನಿಂದ ಬರುತ್ತಿದ್ದ ಕಾರಣ ಅಡ್ರಿನಲ್ ಗ್ರಂಥಿ ನಿದ್ದೆ ಹೋಗಿರುತ್ತದೆ; ಒಮ್ಮೆಲೇ ನಿಲ್ಲಿಸಿದರೆ ಪ್ರಾಣಕ್ಕೇ ಅಪಾಯ.

ಇಷ್ಟು ಹೊತ್ತು ವೃಷಣದ ಒಳಗಿದ್ದೆವು, ಒಂದು ಗಳಿಗೆ ಇಡೀ ದೇಹವನ್ನು ನೋಡೋಣ. ಅಲ್ಲಿಯೂ ಟೆಸ್ಟೋಸ್ಟೆರೋನ್ ರೋಗನಿರೋಧಕ ವ್ಯವಸ್ಥೆಯನ್ನು ತಗ್ಗಿಸುವಂತೆ ಕಾಣುತ್ತದೆ. ಬೀಜ ತೆಗೆದ ಮೊಲಗಳಲ್ಲಿ ಥೈಮಸ್ ಗ್ರಂಥಿ ದೊಡ್ಡದಾಗಿ ಉಳಿಯುತ್ತದೆಂದು 1898ರಲ್ಲೇ ಕಾಲ್ಜೊಲಾರಿ ಎಂಬವರು ಗಮನಿಸಿದ್ದರು. ಲೂಪಸ್ ಎಂಬ ಸ್ವದೇಹಘಾತಕ ಕಾಯಿಲೆ ಒಬ್ಬ ಗಂಡಸಿಗೆ ಬಂದರೆ ಒಂಬತ್ತು ಹೆಂಗಸರಿಗೆ ಬರುತ್ತದೆ. ಟೆಸ್ಟೋಸ್ಟೆರೋನ್ ಹೆಚ್ಚಿರುವ ಗಂಡಸರಲ್ಲಿ ಫ್ಲೂ ಲಸಿಕೆಗೆ ಪ್ರತಿಕಾಯಗಳು ಕಡಿಮೆ ಹುಟ್ಟುತ್ತವೆಂದು 2014ರಲ್ಲಿ ಪ್ರಕಟವಾದ ಅಧ್ಯಯನವೊಂದು ಹೇಳಿತು. 1992ರಲ್ಲಿ ಫೋಲ್‌ಸ್ಟಾಡ್, ಕಾರ್ಟರ್ ಎಂಬ ಇಬ್ಬರು ಇದಕ್ಕೊಂದು ವಿಕಾಸವಾದದ ವಿವರಣೆ ಕೊಟ್ಟರು: ನವಿಲಿನ ಗರಿಯಂಥ ಗಂಡು ಆಡಂಬರಗಳನ್ನು ಬೆಳೆಸುವ ಹಾರ್ಮೋನು ರೋಗನಿರೋಧಕ ಶಕ್ತಿಯನ್ನು ಕುಗ್ಗಿಸುವುದರಿಂದ, ಆ ಭಾರವನ್ನು ಹೊತ್ತೂ ಆರೋಗ್ಯವಾಗಿರುವ ಗಂಡು ನಿಜಕ್ಕೂ ಗಟ್ಟಿಗ ಎಂದು. ಸುಂದರವಾದ ವಾದ. ಅದನ್ನು ಪರೀಕ್ಷಿಸಿದ ಪ್ರಯೋಗಗಳ ಫಲಿತಾಂಶ ಅಷ್ಟು ನಯವಾಗಿಲ್ಲ. ಈ ಬಗೆಯ ದೊಡ್ಡ ವಿವರಣೆಗಳನ್ನು ನಾನು ಸ್ವಲ್ಪ ಅನುಮಾನದಿಂದಲೇ ನೋಡುತ್ತೇನೆ. ಕ್ಷಯರೋಗ ಹೆಂಗಸರಿಗಿಂತ ಗಂಡಸರಲ್ಲಿ ಸುಮಾರು ಒಂದೂಮುಕ್ಕಾಲು ಪಟ್ಟು ಹೆಚ್ಚು ಎಂಬುದು ಜಗತ್ತಿನಾದ್ಯಂತ ಕಾಣುವ ಲೆಕ್ಕ. ಅದನ್ನು ಟೆಸ್ಟೋಸ್ಟೆರೋನಿನ ಖಾತೆಗೆ ಹಾಕುವ ಮೊದಲು, ಹತ್ತಕ್ಕೆ ಹದಿನೈದರ ಕೋಣೆಯಲ್ಲಿ ಪಾಳಿಯ ಮೇಲೆ ಮಲಗುತ್ತಿದ್ದ ನಮ್ಮ ಹೋಟೆಲು ಕಾರ್ಮಿಕರನ್ನು, ಅವರ ಬೀಡಿಯನ್ನು ಲೆಕ್ಕಕ್ಕೆ ತೆಗೆದುಕೊಳ್ಳಬೇಡವೇ?

ಇನ್ನು ಹಾರ್ಮೋನಿಗೂ ಕಾವಲುಗಾರನಿಗೂ ನಡುವಿನ ಈ ಒಪ್ಪಂದ ಮುರಿದುಬೀಳುವ ಸಂದರ್ಭಗಳು. ನಮ್ಮವರಿಗೆ ಪರಿಚಿತವಾದದ್ದೆಂದರೆ ಮಂಗನಬಾವು, ಇಲ್ಲಿಯ ಮರಾಠಿ ನೆರೆಹೊರೆಯವರ ಬಾಯಲ್ಲಿ ಗಾಲಫುಗಿ. ಚಿಕ್ಕ ಮಕ್ಕಳಿಗೆ ಬಂದರೆ ಕೆನ್ನೆ ಊದಿ, ನಾಲ್ಕು ದಿನ ಗಂಜಿ ಕುಡಿದು ಮುಗಿಯುತ್ತದೆ. ಹರೆಯದ ನಂತರ ಬಂದರೆ ಐದರಲ್ಲಿ ಒಬ್ಬರಿಗಾದರೂ ವಾರದೊಳಗೆ ವೃಷಣ ಊದಿಕೊಳ್ಳುತ್ತದೆ. ವೃಷಣದ ಸುತ್ತಲಿನ ಕವಚ ಹಿಗ್ಗುವಂಥದ್ದಲ್ಲ. ಒಳಗಿನ ಊತಕ್ಕೆ ಜಾಗ ಸಿಗದೆ ಒತ್ತಡ ಏರುತ್ತದೆ, ನೋವು ಅಸಹನೀಯವಾಗುತ್ತದೆ, ನಳಿಕೆಗಳು ನಲುಗುತ್ತವೆ, ಲೈಡಿಗ್ ಕೋಶಗಳು ಸೋತು ಟೆಸ್ಟೋಸ್ಟೆರೋನ್ ಇಳಿಯುತ್ತದೆ, ಗೋಡೆ ಬಿರುಕುಬಿಡುತ್ತದೆ. ಹೀಗಾದವರಲ್ಲಿ ಹಲವರ ಆ ಬದಿಯ ವೃಷಣ ತಿಂಗಳುಗಳ ನಂತರ ಸಣ್ಣದಾಗುತ್ತದೆ. ಹೆಚ್ಚಿನವರಲ್ಲಿ ಒಂದೇ ಬದಿಗೆ ಬರುವುದರಿಂದ ಮಕ್ಕಳಾಗುವುದಕ್ಕೆ ತೊಂದರೆಯಾಗುವುದಿಲ್ಲ, ಅಷ್ಟರ ಮಟ್ಟಿಗೆ ಧೈರ್ಯವಾಗಿರಬಹುದು. ನನಗಿರುವ ಆಕ್ಷೇಪ ಬೇರೆ. ನಮ್ಮ ಸರ್ಕಾರಿ ಲಸಿಕಾ ಕಾರ್ಯಕ್ರಮಕ್ಕೆ 2017ರಿಂದ ಹಂತಹಂತವಾಗಿ ಸೇರಿದ್ದು ದಡಾರ ಮತ್ತು ರುಬೆಲ್ಲಾಗಳ ಜೋಡಿ ಲಸಿಕೆ. ಕರ್ನಾಟಕ, ಗೋವಾಗಳು ಅದನ್ನು ಮೊದಲು ಪಡೆದ ರಾಜ್ಯಗಳಲ್ಲಿದ್ದವು. ಮಂಗನಬಾವನ್ನು ಅದರಲ್ಲಿ ಸೇರಿಸಲಿಲ್ಲ. ಮೂರನ್ನೂ ತಡೆಯುವ ಲಸಿಕೆ ಖಾಸಗಿ ಮಕ್ಕಳ ವೈದ್ಯರಲ್ಲಿ ಸಿಗುತ್ತದೆ, ದುಡ್ಡಿದ್ದವರ ಮಕ್ಕಳಿಗೆ. ಇದು ಸಣ್ಣ ಕಾಯಿಲೆ ಎಂಬ ಭಾವನೆಯೇ ಇದಕ್ಕೆ ಕಾರಣವೆಂದು ನನ್ನ ಗುಮಾನಿ.

ಇನ್ನೊಂದು ಸಂದರ್ಭದ ಪ್ರಯೋಗಶಾಲೆ ಈ ನಗರವೇ ಆಗಿತ್ತು. ಇಲ್ಲಿ ಕುಳಿತ ಹಿರಿಯರಿಗೆ ನೆನಪಿರಬಹುದು, 1960ರ ದಶಕದ ಕೊನೆಯಲ್ಲಿ ಮುಂಬಯಿಯ ರೈಲು ನಿಲ್ದಾಣಗಳಲ್ಲೇ ಪುರುಷರ ಸಂತಾನಹರಣ ಚಿಕಿತ್ಸೆಯ ಕೇಂದ್ರಗಳಿದ್ದವು. ಆಫೀಸಿಗೆ ಹೋಗುವ ದಾರಿಯಲ್ಲಿ ಇಳಿದು ಮಾಡಿಸಿಕೊಳ್ಳಬಹುದಿತ್ತು. ತುರ್ತುಪರಿಸ್ಥಿತಿಯ 1976-77ರಲ್ಲಿ ದೇಶದಲ್ಲಿ 60 ಲಕ್ಷಕ್ಕೂ ಹೆಚ್ಚು ಗಂಡಸರಿಗೆ ಈ ಶಸ್ತ್ರಚಿಕಿತ್ಸೆಯಾಯಿತು. ಅದರಲ್ಲಿ ಎಷ್ಟು ಒಪ್ಪಿಗೆಯಿಂದ, ಎಷ್ಟು ಬಲವಂತದಿಂದ ಎಂಬುದು ಬೇರೆ ಉಪನ್ಯಾಸದ ವಿಷಯ. ವೀರ್ಯನಾಳವನ್ನು ಕತ್ತರಿಸಿ ಕಟ್ಟಿದರೂ ವೀರ್ಯಾಣುಗಳ ಉತ್ಪಾದನೆ ನಿಲ್ಲುವುದಿಲ್ಲ. ಹೊರದಾರಿಯಿಲ್ಲದೆ ಅವು ಅಲ್ಲಿಯೇ ಒಡೆದು, ಮ್ಯಾಕ್ರೊಫೇಜುಗಳ ಬಾಯಿಗೆ ಬಿದ್ದು, ಅವುಗಳ ಪ್ರೋಟೀನುಗಳು ರಕ್ತಕ್ಕೆ ಸೇರುತ್ತವೆ. ಹಾಗಾಗಿ ಈ ಚಿಕಿತ್ಸೆಯಾದವರಲ್ಲಿ ಅರ್ಧಕ್ಕಿಂತ ಹೆಚ್ಚು ಮಂದಿಯ ರಕ್ತದಲ್ಲಿ ವೀರ್ಯಾಣುವಿರೋಧಿ ಪ್ರತಿಕಾಯಗಳು ಕಾಣುತ್ತವೆ. 1978ರಲ್ಲಿ ಅಮೆರಿಕದ ಇಬ್ಬರು ಸಂಶೋಧಕರು, ಈ ಚಿಕಿತ್ಸೆಯಾದ ಮಂಗಗಳಿಗೆ ಕೊಬ್ಬಿನ ಆಹಾರ ಕೊಟ್ಟಾಗ ರಕ್ತನಾಳಗಳು ಹೆಚ್ಚು ಕಟ್ಟಿಕೊಂಡವೆಂದು ವರದಿ ಮಾಡಿ ಎಲ್ಲರನ್ನೂ ಹೆದರಿಸಿದರು. ಆಮೇಲೆ ಹತ್ತು ಸಾವಿರಕ್ಕೂ ಹೆಚ್ಚು ಗಂಡಸರನ್ನು ಹಿಂಬಾಲಿಸಿ ನೋಡಿದಾಗ ಅಂಥದ್ದೇನೂ ಕಾಣಲಿಲ್ಲ. ಪ್ರತಿಕಾಯ ಇದ್ದ ಮಾತ್ರಕ್ಕೆ ಕಾಯಿಲೆಯಿದೆ ಎಂದಲ್ಲ ಎಂಬುದಕ್ಕೆ ಇಷ್ಟು ದೊಡ್ಡ ಸಾಕ್ಷಿ ಬೇರೆಡೆ ಸಿಗುವುದು ಕಷ್ಟ. ಮನಸ್ಸು ಬದಲಿಸಿ ನಾಳವನ್ನು ಮತ್ತೆ ಜೋಡಿಸಿಕೊಂಡವರಿಗೆ ಮಾತ್ರ ಅವು ಅಡ್ಡಿಯಾಗಬಹುದು. ವೀರ್ಯಾಣುಗಳು ಒಂದಕ್ಕೊಂದು ಅಂಟಿಕೊಂಡು ಮುಂದೆ ಸಾಗಲಾರದೆ ಹೋಗುತ್ತವೆ.

ಕ್ಷಯ ಮತ್ತು ಕುಷ್ಠಗಳನ್ನು ಮುಂಬಯಿಯಲ್ಲಿ ನಿಂತು ಮಾತಾಡುವವನು ಬಿಟ್ಟುಹೋಗುವಂತಿಲ್ಲ. ಒಂದಕ್ಕೆ ಶಿವಡಿಯ ಆಸ್ಪತ್ರೆ, ಇನ್ನೊಂದಕ್ಕೆ 1890ರಷ್ಟು ಹಿಂದಿನಿಂದ ವಡಾಲಾದ ಆಕ್ವರ್ತ್ ಆಸ್ಪತ್ರೆ ಇಲ್ಲಿವೆ. ಕ್ಷಯ ಸಾಮಾನ್ಯವಾಗಿ ವೃಷಣದ ಬೆನ್ನಿಗಿರುವ ಎಪಿಡಿಡೈಮಿಸ್ ಎಂಬ ಸುರುಳಿನಾಳಕ್ಕೆ ತಗುಲಿ, ಮಾಯುವಾಗ ಕಟ್ಟುವ ಗಾಯದ ಕಲೆಯಿಂದ ದಾರಿಯನ್ನೇ ಮುಚ್ಚಿಬಿಡುತ್ತದೆ. ಹಾರ್ಮೋನು ಸರಿಯಿರುತ್ತದೆ, ವೀರ್ಯಾಣು ಹೊರಬರುವುದಿಲ್ಲ. ಕುಷ್ಠದ್ದು ಬೇರೆ ದಾರಿ. ಅದರ ಕ್ರಿಮಿಗೆ ತಂಪಾದ ಜಾಗ ಇಷ್ಟ, ವೃಷಣ ದೇಹಕ್ಕಿಂತ 2ರಿಂದ 4 ಡಿಗ್ರಿ ತಂಪು. ಚಿಕಿತ್ಸೆ ತಡವಾದ ಹಳೆಯ ರೋಗಿಗಳಲ್ಲಿ ಲೈಡಿಗ್ ಕೋಶಗಳೇ ನಾಶವಾಗಿ, ಟೆಸ್ಟೋಸ್ಟೆರೋನ್ ಕುಸಿದು, ಈಸ್ಟ್ರೋಜನ್ನಿನ ಕೈ ಮೇಲಾಗಿ ಸ್ತನಗಳು ಬೆಳೆಯುತ್ತಿದ್ದವು. 

ಪ್ರತಿಕಾಯಗಳಿಂದ ಮಕ್ಕಳಾಗದವರಿಗೆ ಒಂದು ಕಾಲದಲ್ಲಿ ಕಾರ್ಟಿಸೋಲಿನ ದಾಯಾದಿಯಾದ ಪ್ರೆಡ್ನಿಸೊಲೋನನ್ನು ದೊಡ್ಡ ಪ್ರಮಾಣದಲ್ಲಿ ತಿಂಗಳುಗಟ್ಟಲೆ ಕೊಡುತ್ತಿದ್ದೆವು. ಪ್ರತಿಕಾಯ ಇಳಿಯಲಿ ಎಂಬ ಆಸೆ. ಕೆಲವರಿಗೆ ಮಕ್ಕಳಾದವು; ಕೆಲವರಿಗೆ ಸಕ್ಕರೆ ಏರಿತು, ಹೊಟ್ಟೆಯಲ್ಲಿ ಹುಣ್ಣಾಯಿತು, ಅಪರೂಪಕ್ಕೆ ಸೊಂಟದ ಕೀಲಿನೊಳಗಿನ ತೊಡೆಮೂಳೆಯ ತಲೆಯೇ ಸತ್ತುಹೋಯಿತು. ಮಗು ಬೇಕೆಂದು ಬಂದ ಮೂವತ್ತರ ಗಂಡಸು ಕೋಲು ಹಿಡಿದು ನಡೆಯುವುದನ್ನು ನೋಡಿದ ಮೇಲೆ ಆ ಚೀಟಿ ಬರೆಯುವುದಕ್ಕೆ ನನಗೆ ಕೈ ಬರಲಿಲ್ಲ. 1992ರಲ್ಲಿ ಬ್ರಸೆಲ್ಸಿನ ತಂಡ ಒಂದೇ ಒಂದು ವೀರ್ಯಾಣುವನ್ನು ಸೂಜಿಯಿಂದ ಅಂಡದೊಳಗೆ ಸೇರಿಸುವ ವಿಧಾನವನ್ನು ಪ್ರಕಟಿಸಿದ ನಂತರ ಆ ಚಿಕಿತ್ಸೆ ಬಹುಮಟ್ಟಿಗೆ ಮೂಲೆಗೆ ಸರಿಯಿತು. ಅಂಟಿಕೊಂಡ ವೀರ್ಯಾಣು ಈಜಬೇಕಾಗಿಯೇ ಇಲ್ಲ. ಖರ್ಚು ಮಾತ್ರ ಎಲ್ಲರ ಕೈಗೆ ಎಟುಕುವಂಥದ್ದಲ್ಲ.

ಈಗ ಠಾಣೆಯ ತರುಣ. ಅವನ ತರ್ಕ ನೇರವಾಗಿತ್ತು: ಟೆಸ್ಟೋಸ್ಟೆರೋನ್ ಗಂಡಸಿನ ಹಾರ್ಮೋನು, ಅದನ್ನು ಹೆಚ್ಚಿಸಿದರೆ ಎಲ್ಲವೂ ಹೆಚ್ಚಬೇಕು. ವೃಷಣದ ಒಳಗೂ ಹೊರಗೂ ಇರುವ ಆ ನೂರು ಪಟ್ಟು ಅಂತರವನ್ನು ನೆನಪಿಟ್ಟುಕೊಂಡಿದ್ದರೆ ನಿಮಗೆ ತಪ್ಪು ಎಲ್ಲಿದೆಯೆಂದು ಹೊಳೆದಿರುತ್ತದೆ. ಹೊರಗಿನಿಂದ ಚುಚ್ಚಿದ ಹಾರ್ಮೋನು ರಕ್ತದಲ್ಲಿ ಏರಿದೊಡನೆ ಮಿದುಳು, ಸರಕು ಸಾಕಷ್ಟಿದೆ ಎಂದು, ತನ್ನ ಬುಡದಲ್ಲಿರುವ ಪಿಟ್ಯುಟರಿ ಗ್ರಂಥಿಯಿಂದ ವೃಷಣಕ್ಕೆ ಹೋಗುವ ಆಜ್ಞೆಯನ್ನು ನಿಲ್ಲಿಸುತ್ತದೆ. ಲೈಡಿಗ್ ಕೋಶಗಳು ಅಂಗಡಿ ಮುಚ್ಚುತ್ತವೆ. ರಕ್ತದಲ್ಲಿ ಟೆಸ್ಟೋಸ್ಟೆರೋನ್ ಉಕ್ಕುತ್ತಿರುವಾಗಲೇ ವೃಷಣದೊಳಗೆ ಬರಗಾಲ. ಇದು ಎಷ್ಟು ಖಚಿತವೆಂದರೆ, ವಿಶ್ವ ಆರೋಗ್ಯ ಸಂಸ್ಥೆ ಇದನ್ನು ಗಂಡಸರ ಗರ್ಭನಿರೋಧಕವಾಗಿಯೇ ಪರೀಕ್ಷಿಸಿತು: 1990ರಲ್ಲಿ ಪ್ರಕಟವಾದ ಆ ಪ್ರಯೋಗದಲ್ಲಿ 271 ಗಂಡಸರಿಗೆ ವಾರಕ್ಕೆ 200 ಮಿಲಿಗ್ರಾಂ ಕೊಟ್ಟಾಗ ಸುಮಾರು ಮೂರರಲ್ಲಿ ಎರಡು ಭಾಗದವರ ವೀರ್ಯಾಣು ಸೊನ್ನೆಗಿಳಿಯಿತು. ನಮ್ಮ ತರುಣ ತಂದೆಯಾಗಲು ಹೊರಟು ಗರ್ಭನಿರೋಧಕ ಹಾಕಿಸಿಕೊಂಡಿದ್ದ. ಇಂಜೆಕ್ಷನ್ ನಿಲ್ಲಿಸಿ, ಪಿಟ್ಯುಟರಿಯ ಆಜ್ಞೆಯನ್ನು ಅನುಕರಿಸುವ ಬೇರೊಂದು ಹಾರ್ಮೋನು ಕೊಟ್ಟು ಕಾದೆವು. ಐದನೆಯ ತಿಂಗಳಿಗೂ ಸೊನ್ನೆಯೇ ಇತ್ತು. ಆ ತಿಂಗಳು ಅವನು ಮತ್ತೆ ಜಿಮ್ಮಿಗೆ ಹೋಗಿಬಿಡುತ್ತಾನೆಂದು ನನಗೆ ಭಯವಿತ್ತು. ಎಂಟನೆಯ ತಿಂಗಳಲ್ಲಿ ಕೆಲವು ಕಂಡವು. ಒಂದು ವರ್ಷ ದಾಟಿದ ಮೇಲೆ ಸಂಖ್ಯೆ ವಿಶ್ವ ಆರೋಗ್ಯ ಸಂಸ್ಥೆ ಈಗ ಕೆಳಮಿತಿಯೆಂದು ಹೇಳುವ, ಮಿಲಿಲೀಟರಿಗೆ 1 ಕೋಟಿ 60 ಲಕ್ಷದ ಗೆರೆಯನ್ನು ಮುಟ್ಟಿತು. ಎಲ್ಲರಿಗೂ ಹೀಗೆ ಮರಳಿ ಬರುತ್ತದೆಂಬ ಖಾತ್ರಿಯಿಲ್ಲ.

ರೋಗನಿರೋಧಕ ಶಕ್ತಿ ಹೆಚ್ಚಿಸುವ ಪುಡಿಗಳನ್ನೂ ಗಂಡಸುತನ ಹೆಚ್ಚಿಸುವ ಮಾತ್ರೆಗಳನ್ನೂ ಒಂದೇ ಕಪಾಟಿನಲ್ಲಿ ಮಾರುವ ಅಂಗಡಿಗಳು ದಾದರಿನಲ್ಲಿ ಬೇಕಾದಷ್ಟಿವೆ. ಇವೆರಡೂ ಏರಲಿ ಎಂದು ಬಯಸುವವರು ವೃಷಣದ ಒಳಗಿನ ಏರ್ಪಾಡನ್ನು ನೋಡಿಲ್ಲ; ಅಲ್ಲಿ ಒಂದು ಇನ್ನೊಂದನ್ನು ತಗ್ಗಿಸಿಟ್ಟುಕೊಂಡಿರುವುದರಿಂದಲೇ ಕೆಲಸ ಸಾಗುತ್ತಿದೆ.

ಕೊನೆಯದಾಗಿ ಪರೀಕ್ಷೆಯ ಸಮಯದ ಬಗ್ಗೆ ಒಂದು ಮಾತು. ಟೆಸ್ಟೋಸ್ಟೆರೋನನ್ನು ಬೆಳಿಗ್ಗೆಯೇ ಅಳೆಯಬೇಕು, ಬೇರೆ ಬೇರೆ ಎರಡು ದಿನ ಅಳೆಯಬೇಕು. ವೀರ್ಯಾಣುವೊಂದು ಸಿದ್ಧವಾಗಲು ಸುಮಾರು 74 ದಿನ, ಎಪಿಡಿಡೈಮಿಸಿನಲ್ಲಿ ಪಳಗಿ ಹೊರಬರಲು ಮತ್ತೆ ಒಂದೆರಡು ವಾರ. ಇವತ್ತಿನ ವರದಿ ಹೇಳುವುದು ಮೂರು ತಿಂಗಳ ಹಿಂದಿನಿಂದ ನಡೆದ ಕಥೆಯನ್ನು. ಕಾಂದಿವಲಿಯ ಒಂದು ದಂಪತಿ ದಸರಾ ಕಳೆದ ಮೇಲೆ ವರದಿ ಹಿಡಿದು ಬಂದರು, ಸಂಖ್ಯೆ ತೀರಾ ಕಡಿಮೆಯಿತ್ತು, ಹುಡುಗನ ತಾಯಿ ಆಗಲೇ ಊರಿನ ದೈವಕ್ಕೆ ಹರಕೆ ಹೊತ್ತಿದ್ದರು. ಮಳೆಗಾಲದಲ್ಲಿ ಜ್ವರವೇನಾದರೂ ಬಂದಿತ್ತೇ ಎಂದು ಕೇಳಿದೆ. ಆಗಸ್ಟಿನಲ್ಲಿ ಡೆಂಗ್ಯೂ ಆಗಿ ಐದು ದಿನ ಆಸ್ಪತ್ರೆಯಲ್ಲಿದ್ದನಂತೆ. ಅದಕ್ಕೂ ಇದಕ್ಕೂ ಸಂಬಂಧವಿರಬಹುದೆಂದು ಯಾರಿಗೂ ತೋಚಿರಲಿಲ್ಲ. ಯಾವ ಔಷಧವನ್ನೂ ಬರೆಯದೆ ಡಿಸೆಂಬರಿನಲ್ಲಿ ಮತ್ತೆ ಪರೀಕ್ಷೆ ಮಾಡಿಸಿಕೊಂಡು ಬರಲು ಹೇಳಿದೆ. ಔಷಧ ಬರೆಯದ ಡಾಕ್ಟರಿಗೆ ಫೀಸು ಯಾಕೆ ಎಂಬ ಪ್ರಶ್ನೆ ಹುಡುಗನ ತಾಯಿಯ ಮುಖದಲ್ಲಿ ಸ್ಪಷ್ಟವಾಗಿತ್ತು. ಡಿಸೆಂಬರಿನ ವರದಿಯಲ್ಲಿ ಸಂಖ್ಯೆ ಸರಿಯಾಗಿತ್ತು. ಹರಕೆಯ ದೈವಕ್ಕೇ ಅದರ ಕೀರ್ತಿ ಸಂದಿತು, ನಾನು ತಕರಾರು ಮಾಡಲಿಲ್ಲ.